ಮೊದಲ ದೊಡ್ಡ ರಾಕ್ ಶೋ: ಫ್ಯಾನ್ ಪಿಟ್‌ಗೆ ದುಡ್ಡು ಹಾಕಬೇಕಾ? ಹೋಗಿ ಬಂದವರು ಹೇಳಿ

ತುಂಗಾ ದಡದವನು:
ನಾನು ಶಿವಮೊಗ್ಗದವನು. ಪಿಯುಸಿಯಿಂದ ರಾಕ್, ಮೆಟಲ್ ಕೇಳುತ್ತಿದ್ದೇನೆ, ಎಲ್ಲಾ ಹೆಡ್‌ಫೋನ್‌ನಲ್ಲೇ. ಕಾಲೇಜು ಫೆಸ್ಟ್ ಬಿಟ್ಟರೆ ಲೈವ್ ಅಂತ ನೋಡಿಲ್ಲ. ಈಗ ಬೆಂಗಳೂರಿನ ಮಾದಾವರದ ಹತ್ತಿರ ಒಂದು ದೊಡ್ಡ ಶೋ ಇದೆ. ನಾನು, ಅಕ್ಕ ಇಬ್ಬರೂ ಹೋಗಬೇಕು ಅಂತಿದ್ದೇವೆ. ಕೈಯಲ್ಲಿರೋದು 15,000 ರೂಪಾಯಿ, ಓಡಾಟ, ಊಟ ಎಲ್ಲಾ ಅದರಲ್ಲೇ. ಫ್ಯಾನ್ ಪಿಟ್, ಅಂದರೆ ಸ್ಟೇಜಿನ ಮುಂದೆಯೇ ನಿಲ್ಲುವ ದುಬಾರಿ ಜಾಗ, ತಗೊಂಡರೆ ದುಡ್ಡು ಅಲ್ಲಿಗೇ ಮುಗಿಯುತ್ತೆ. ಹಿಂದೆ ನಿಂತರೆ ಅಕ್ಕನಿಗೆ ಏನೂ ಕಾಣಲ್ಲ, ಅವಳು ಐದಡಿ. ರಾತ್ರಿಯೇ ಊರಿಗೆ ಹೊರಡೋಕೆ ಆಗುತ್ತಾ? ಅಥವಾ ದುಡ್ಡು ಕೂಡಿಟ್ಟು ಮುಂಬೈನ ಲೊಲ್ಲಾಪಲೂಜಾ ಮ್ಯೂಸಿಕ್ ಫೆಸ್ಟ್‌ಗೆ ಹೋಗೋದು ವಾಸಿನಾ?

ಅರಮನೆ ಮೈದಾನ:
ತಮ್ಮಾ, ಫ್ಯಾನ್ ಪಿಟ್ ಅನ್ನೋದೇ ದುಡ್ಡಿದ್ದವರ ಆಟ. 2007ರ ಮಾರ್ಚ್ 17, ಐರನ್ ಮೇಡನ್, ಅರಮನೆ ಮೈದಾನ. ಈಗಿನವರಿಗೆ ಎಷ್ಟು ಹೇಳಿದರೂ ಅದು ತಲೆಗೆ ಹೋಗಲ್ಲ. ಅಷ್ಟು ದೊಡ್ಡ ಮೆಟಲ್ ಬ್ಯಾಂಡು ಅಲ್ಲಿಯವರೆಗೆ ಈ ಕಡೆ ತಲೆ ಹಾಕಿರಲಿಲ್ಲ. ಶಿಲ್ಲಾಂಗ್‌ನಿಂದ ರೈಲು ಹತ್ತಿ ಬಂದವರು ನಮ್ಮ ಪಕ್ಕ ನಿಂತಿದ್ದರು. ದೆಹಲಿಯ ಪರಿಕ್ರಮ ಮೊದಲು ನುಡಿಸಿತು. ಆಮೇಲೆ ಮೇಡನ್ ಬಂದಾಗ ನಾನು ಅತ್ತಿದ್ದೇನೆ, ಹೇಳೋಕೆ ನಾಚಿಕೆ ಏನಿಲ್ಲ.

ಇನ್ನು 2011ರ ಅಕ್ಟೋಬರ್ 30, ಮೆಟಾಲಿಕಾ. ಅದಕ್ಕೆ ಎರಡು ದಿನ ಮುಂಚೆ ಗುರುಗ್ರಾಮದ ಶೋ ರದ್ದಾಗಿತ್ತು, ಮುಂದಿನ ಬ್ಯಾರಿಕೇಡ್ ಮುರಿದು. ಅಲ್ಲಿ ಬೇಜಾರಾದವರಲ್ಲಿ ಕೆಲವರು ಹೇಗೋ ಮಾಡಿ ಇಲ್ಲಿಗೆ ಬಂದಿದ್ದರು. ಮಳೆ ಬಿದ್ದು ಮೈದಾನ ಪೂರ್ತಿ ಕೆಸರು. ನನ್ನ 1,800 ರೂಪಾಯಿಯ ಬಲಗಾಲಿನ ಶೂ ಕೆಸರೊಳಗೆ ಹೋಯಿತು, ಹೋದದ್ದು ಹೋಯಿತು. ಅದೇ ಕಾಲಿಗೆ ತಗಡು ಚುಚ್ಚಿತು. ಒಂಟಿ ಶೂನಲ್ಲಿ ಮೇಖ್ರಿ ಸರ್ಕಲ್‌ವರೆಗೆ ನಡೆದೆ. ಆಟೋದವನು ರಕ್ತ ನೋಡಿ ಹತ್ತಿಸಲ್ಲ ಅಂದ, 400 ಕೊಡ್ತೀನಿ ಅಂದ ಮೇಲೆ ಪೇಪರ್ ಹಾಸಿ ಕೂರಿಸಿದ. ಟಿಟಿ ಇಂಜೆಕ್ಷನ್ನು, ಡ್ರೆಸ್ಸಿಂಗು, ಮಾತ್ರೆ, ಎಲ್ಲಾ ಸೇರಿ 620. ಎಡಗಾಲಿನ ಶೂ ಈಗಲೂ ಇಟ್ಟಿದ್ದೇನೆ, ಹೆಂಡತಿ ಬಿಸಾಡೋಕೆ ನೋಡುತ್ತಾಳೆ, ನಾನು ಬಿಡಲ್ಲ. ಇಂಥದ್ದು ಫ್ಯಾನ್ ಪಿಟ್‌ನಲ್ಲಿ ಸಿಗುತ್ತಾ?

ಲೆಕ್ಕ ಪಕ್ಕಾ:
ಮೇಲಿನವರು ಶೂ ಕಥೆ ಹೇಳಿದರು, ನಾನು ಪೂರ್ತಿ ಲೆಕ್ಕ ಹೇಳ್ತೀನಿ. ಕೋಲ್ಡ್‌ಪ್ಲೇ, 2025ರ ಜನವರಿ, ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂ. ಟಿಕೆಟ್ ಬಿಟ್ಟಿದ್ದು 2024ರ ಸೆಪ್ಟೆಂಬರ್ 22, ಮಧ್ಯಾಹ್ನ 12ಕ್ಕೆ. ನಾನು, ತಂಗಿ, ಆಫೀಸಿನ ಇಬ್ಬರು, ನಾಲ್ಕು ಫೋನು, ಎರಡು ಲ್ಯಾಪ್‌ಟಾಪು. ಕ್ಯೂನಲ್ಲಿ ನನ್ನ ಮುಂದೆ ಲಕ್ಷಗಟ್ಟಲೆ ಜನ ಅಂತ ತೋರಿಸುತ್ತಿತ್ತು. ನನ್ನ ಸರದಿ ಬರೋ ಹೊತ್ತಿಗೆ ಎಲ್ಲಾ ಖಾಲಿ.

ನಿಂತು ನೋಡುವ ಜಾಗದ ಅಸಲು ಬೆಲೆ 6,450. ನಾನು ಕೊಟ್ಟದ್ದು 19,000, ಪರಿಚಯದವರ ಪರಿಚಯದವನಿಗೆ. ಹುಬ್ಬಳ್ಳಿಯಿಂದ ಸ್ಲೀಪರ್ ಬಸ್ಸು ಹೋಗೋಕೆ 2,600, ಬರೋಕೆ 3,100. ನೆರೂಳ್‌ನಲ್ಲಿ ಒಂದು ರಾತ್ರಿಗೆ ರೂಮು 7,200, ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗ್‌ನ ಗೋಡೆ. ಆಟೋ 640. ನೀರು, ವಡಾಪಾವ್, ಒಳಗಡೆ ತಿಂದ ಒಂದು ಒಣಗಿದ ರೋಲು ಸೇರಿ 1,150. ಒಟ್ಟು 33,690. ಕೈಗೆ ಕಟ್ಟಿದ್ದ ಬಣ್ಣದ ಲೈಟಿನ ಪಟ್ಟಿಯನ್ನೂ ವಾಪಸ್ ಕೊಟ್ಟು ಬನ್ನಿ ಅಂದರು. ಆದರೂ ಹೇಳ್ತೀನಿ, ಇಡೀ ಸ್ಟೇಡಿಯಂ ಒಟ್ಟಿಗೆ ಹಳದಿ ಆದಾಗ ದುಡ್ಡಿನ ನೆನಪು ಬರಲಿಲ್ಲ. ಬಸ್ ಹತ್ತಿದ ಮೇಲೆ ಬಂತು.

ಅರಮನೆ ಮೈದಾನ:
ಅವರು ಕೇಳಿದ್ದು ರಾಕ್ ಬಗ್ಗೆ. ಕೋಲ್ಡ್‌ಪ್ಲೇ ಯಾವಾಗಿಂದ ರಾಕ್ ಆಯ್ತು ಸ್ವಾಮಿ?

ಲೆಕ್ಕ ಪಕ್ಕಾ:
ಶುರುವಾಯ್ತು ನೋಡಿ. ನಿಮ್ಮ ಒಂಟಿ ಶೂ ಮಾತ್ರ ರಾಕು, ಅಲ್ವಾ?

ಗರಾಜ್ ಗಿಟಾರು:
19,000 ಕೊಟ್ಟು ಬ್ಲ್ಯಾಕಲ್ಲಿ ತಗೊಂಡದ್ದನ್ನ ಹೆಮ್ಮೆಯಿಂದ ಬೇರೆ ಹೇಳ್ತೀರಲ್ಲ. ನಿಮ್ಮಂಥವರು ಕೊಡೋದರಿಂದಲೇ ಅವರು ಮಾರೋದು.

ನಾನು ಬೆಂಗಳೂರಲ್ಲಿ ಬ್ಯಾಂಡ್ ನುಡಿಸ್ತೀನಿ, ಹೆಸರು ಬೇಡ. ನಮ್ಮ ಶೋಗೆ 300 ರೂಪಾಯಿ ಇಟ್ಟರೆ "ಗೆಸ್ಟ್ ಲಿಸ್ಟ್‌ಗೆ ಹಾಕು ಮಗಾ" ಅಂತ ಮೆಸೇಜ್ ಮಾಡುವವರು ಹೊರಗಿನ ಬ್ಯಾಂಡು ಬಂದರೆ ಸಾಲ ಮಾಡಿ ಹೋಗ್ತಾರೆ. ಕ್ರಿಪ್ಟೋಸ್ 1998ರಿಂದ ಇದ್ದಾರೆ, ನಮ್ಮೂರಿನವರು, 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಫೆಸ್ಟ್‌ನಲ್ಲಿ ನುಡಿಸಿ ಬಂದರು. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ. ಇವರನ್ನ ಹತ್ತಡಿ ದೂರದಿಂದ ನೋಡಬಹುದು, ಡ್ರಮ್ಮರ್‌ನ ಬೆವರು ಕಾಣಿಸುತ್ತೆ. ಬೆಂಗಳೂರು ಓಪನ್ ಏರ್ ಮೆಟಲ್ ಫೆಸ್ಟ್ 2012ರಲ್ಲಿ ಶುರುವಾದಾಗ ಜರ್ಮನಿಯ ಕ್ರಿಯೇಟರ್ ಬ್ಯಾಂಡು ಬಂದಿತ್ತು. ಅಲ್ಲಿ ಪಿಟ್ ಅಂದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯೋ ನಿಜವಾದ ಪಿಟ್ಟು, ಬಿದ್ದವನನ್ನ ನಾಲ್ಕು ಜನ ಎತ್ತಿ ನಿಲ್ಲಿಸುತ್ತಾರೆ. ದುಬಾರಿ ಪಿಟ್‌ನಲ್ಲಿ ಎಲ್ಲರೂ ಫೋನ್ ಎತ್ತಿ ಹಿಡಿದಿರುತ್ತಾರೆ, ನಿಮಗೆ ಕಾಣೋದು ಅವರ ಸ್ಕ್ರೀನು.

ನಮ್ಮ ಲೆಕ್ಕವೂ ಕೇಳಿ. ಪ್ರಾಕ್ಟೀಸ್ ರೂಮು ಗಂಟೆಗೆ 500. ಒಂದು ಶೋಗೆ ಮೊದಲು ಕಡಿಮೆ ಅಂದರೂ ಎಂಟು ಗಂಟೆ ಬೇಕು, ಅದೇ 4,000. ಡ್ರಮ್ಮಿನ ಸಾಮಾನು ಸಾಗಿಸೋಕೆ ಟೆಂಪೋ 1,400. ಸ್ಟ್ರಿಂಗ್ಸ್ 750. ಹೋದ ಸಲ ಬಾಗಿಲಲ್ಲಿ ಸಿಕ್ಕಿದ್ದು 5,100, ಅದರಲ್ಲಿ ಅರ್ಧ ಪಬ್ಬಿನವನದು. ನಾಲ್ಕು ಜನ ಸೇರಿ ಕೈಯಿಂದ ಹಾಕಿದೆವು.

ಕಿವಿ ಇದ್ದವನು:
ಯಾರೂ ಕಿವಿ ಬಗ್ಗೆ ಮಾತೇ ಎತ್ತಿಲ್ಲ. ನಾನು ಒಬ್ಬನೇ ಹೇಳಬೇಕಾ?

ನನ್ನ ಎಡಗಿವಿಯಲ್ಲಿ ಹಗಲೂ ರಾತ್ರಿ ಕುಂಯ್ ಅನ್ನುತ್ತೆ. ಅರಮನೆ ಮೈದಾನದಲ್ಲಿ ಬಂದದ್ದಲ್ಲ, ಚಿಕ್ಕ ಪಬ್ಬಿನಲ್ಲಿ, ಸ್ಪೀಕರ್ ಪಕ್ಕ ನಿಂತಿದ್ದಾಗ. ಮಾರನೇ ದಿನ ಹೋಗುತ್ತೆ ಅಂದರು ಎಲ್ಲರೂ. ಹೋಗಲಿಲ್ಲ. ಕಿವಿ ಡಾಕ್ಟರ್ ಫೀಸು 800, ಆಡಿಯೋಗ್ರಾಮ್ 900, ಸ್ಟೀರಾಯ್ಡ್ ಮಾತ್ರೆ ಕೋರ್ಸು, ಎರಡನೇ ಡಾಕ್ಟರ್‌ಗೆ 1,000, ಅವರು ಮತ್ತೆ ಆಡಿಯೋಗ್ರಾಮ್ ಮಾಡಿಸಿದರು, ಹಳೇದು ನಡೆಯಲ್ಲವಂತೆ. ಕೊನೆಗೆ "ಅಭ್ಯಾಸ ಆಗುತ್ತೆ" ಅಂತ ಕಳಿಸಿದರು. ರಾತ್ರಿ ಫ್ಯಾನ್ ಸದ್ದು ಇಲ್ಲದೆ ನಿದ್ದೆ ಬರಲ್ಲ, ಕರೆಂಟ್ ಹೋದರೆ ಎದ್ದು ಕೂರುತ್ತೇನೆ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದನ್ನ ದಿನಕ್ಕೆ 8 ಗಂಟೆ ತಡೀಬಹುದು ಅಂತಾರೆ. ಮೂರು ಡೆಸಿಬೆಲ್ ಹೆಚ್ಚಾದರೆ ಹೊತ್ತು ಅರ್ಧ ಆಗುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100ಕ್ಕೆ ಬಂದರೆ ಬರೀ 15 ನಿಮಿಷ. ರಾಕ್ ಶೋ ಅಂದರೆ 100 ದಾಟೋದು ಮಾಮೂಲು, ಅದೂ ಎರಡು ಗಂಟೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ಹೇಳಿದೆ. ಇಲ್ಲಿ ಅಳೆಯೋರು ಯಾರು? ಮೆಡಿಕಲ್ ಶಾಪಿನ ಫೋಮ್ ಪ್ಲಗ್ಗು ಐವತ್ತು ರೂಪಾಯಿ ಒಳಗೆ ಸಿಗುತ್ತೆ. ಸ್ವಲ್ಪ ಮಬ್ಬಾಗಿ ಕೇಳಿಸುತ್ತೆ, ಕಿವಿ ಉಳಿಯುತ್ತೆ. ಸಂಗೀತ ಸರಿಯಾಗಿ ಕೇಳಬೇಕು ಅಂದರೆ ಸಾವಿರದ ಮೇಲಿನ ಫಿಲ್ಟರ್ ಇರುವವು ಬೇಕು.

ಅರಮನೆ ಮೈದಾನ:
ಪ್ಲಗ್ ಹಾಕಿಕೊಂಡು ಮೆಟಲ್ ಕೇಳೋದು ಮೂಗು ಮುಚ್ಚಿಕೊಂಡು ಬಿರಿಯಾನಿ ತಿಂದ ಹಾಗೆ. ನನ್ನ ಕಿವಿ ಇವತ್ತಿಗೂ ಚೆನ್ನಾಗಿದೆ.

ಕಿವಿ ಇದ್ದವನು:
ಟೆಸ್ಟ್ ಮಾಡಿಸಿದ್ದೀರಾ? ಸುಮ್ನೆ ಚೆನ್ನಾಗಿದೆ ಅನ್ನೋದಲ್ಲ. ನಿಮ್ಮ ಮನೆಯವರನ್ನ ಕೇಳಿ, ಟಿವಿ ವಾಲ್ಯೂಮ್ ಎಷ್ಟಿಡ್ತೀರಿ ಅಂತ.

ಗರಾಜ್ ಗಿಟಾರು:
ಕಿವಿಯವರು ಹೇಳೋದು ಸರಿ. ಸ್ಟೇಜ್ ಮೇಲೆ ಇರುವವರೇ ಹಾಕಿಕೊಂಡಿರುತ್ತಾರೆ, ಕೆಳಗಿರುವವರಿಗೆ ಏನು ಪೌರುಷ?

ಗ್ಯಾಲರಿ ಅಕ್ಕ:
ಗಂಡಸರೆಲ್ಲಾ ಶೂ, ಕಿವಿ, ಟೆಂಪೋ ಅಂತ ಬರೆದಿರಿ. ಟಾಯ್ಲೆಟ್ ಬಗ್ಗೆ ಒಬ್ಬರೂ ಬರೆಯಲಿಲ್ಲ, ಬರೆಯೋದೂ ಇಲ್ಲ.

ನಾನು ಮಹಾರಾಷ್ಟ್ರದಲ್ಲಿ ಎರಡು ದಿನದ ಒಂದು ದೊಡ್ಡ ಫೆಸ್ಟ್‌ಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಸಂಜೆ ಐದಕ್ಕೆ ಹೆಂಗಸರ ಟಾಯ್ಲೆಟ್ಟಿನಲ್ಲಿ ನೀರಿಲ್ಲ. ಕ್ಯೂ ನಲವತ್ತು ನಿಮಿಷ. ಆ ಹೊತ್ತಿಗೆ ನಾನು ಯಾರಿಗೋಸ್ಕರ ಹೋಗಿದ್ದೆನೋ ಆ ಬ್ಯಾಂಡು ಅರ್ಧ ಮುಗಿಸಿತ್ತು. ಎರಡನೇ ದಿನ ನೀರೇ ಕುಡಿಯಲಿಲ್ಲ, ಬಿಸಿಲಿಗೆ ತಲೆ ಸುತ್ತಿ ಫಸ್ಟ್ ಏಡ್ ಟೆಂಟಿನಲ್ಲಿ ಮಲಗಿದೆ. ಓಆರ್‌ಎಸ್ ಕೊಟ್ಟ ಹುಡುಗಿ ಪುಣ್ಯಾತ್ಗಿತ್ತಿ.

ಒಳಗೆ ನಗದು ನಡೆಯಲ್ಲ. ಕೈಪಟ್ಟಿಗೆ ಮೊದಲೇ ದುಡ್ಡು ತುಂಬಬೇಕು. ನಾನು 4,000 ತುಂಬಿದೆ, 1,130 ಉಳಿಯಿತು. ವಾಪಸ್ ಬೇಕಾದರೆ ಫಾರಂ ತುಂಬಿ, ಅದರಲ್ಲಿ 200 ಕಡಿತ, ಉಳಿದ 930 ಬರೋಕೆ ಆರು ವಾರ. ನಾಲ್ಕು ಮೇಲ್ ಹಾಕಿದ ಮೇಲೆ ಬಂತು. ಇದರ ಮೇಲೆ ಒಂದೇ ಹೊತ್ತಿಗೆ ಎರಡು ಸ್ಟೇಜಿನಲ್ಲಿ ಎರಡು ಒಳ್ಳೇ ಬ್ಯಾಂಡು ಇಟ್ಟಿರುತ್ತಾರೆ. ಒಂದನ್ನ ಬಿಟ್ಟು ಇನ್ನೊಂದಕ್ಕೆ ಓಡಬೇಕು, ಆ ಓಟದಲ್ಲಿ ಎರಡೂ ಕೈ ತಪ್ಪುತ್ತೆ.

ಅದಾದ ಮೇಲೆ ನಾನು ಕೂತು ನೋಡುವ ಸೀಟು ಮಾತ್ರ ತಗೊಳ್ಳೋದು. ಗ್ಯಾಲರಿ. ಯಾರು ಏನಾದರೂ ಅಂದುಕೊಳ್ಳಲಿ. 2019ರ ಡಿಸೆಂಬರ್ 15ಕ್ಕೆ ಯು2 ಅದೇ ಡಿ.ವೈ. ಪಾಟೀಲ್‌ನಲ್ಲಿ, ಮೇಲಿನ ಸಾಲಿನಿಂದ ಆ ದೊಡ್ಡ ಸ್ಕ್ರೀನು ಪೂರ್ತಿ ಕಂಡಿತು. ಕೆಳಗೆ ಮುಂದೆ ನಿಂತವರಿಗೆ ಅಷ್ಟು ಕಾಣಿಸಿರಲ್ಲ, ಬರೆದಿಟ್ಟುಕೊಳ್ಳಿ.

ಅರಮನೆ ಮೈದಾನ:
ರಾಕ್ ಶೋಗೆ ಕೂತು ನೋಡೋದಾ ಮೇಡಂ? ಯಕ್ಷಗಾನಕ್ಕೆ ಹೋಗಬಹುದಿತ್ತಲ್ಲ.

ಗ್ಯಾಲರಿ ಅಕ್ಕ:
ಯಕ್ಷಗಾನವನ್ನ ಬೆಳಗಿನವರೆಗೆ ಎಚ್ಚರವಾಗಿ ಕೂತು ನೋಡಿ ತೋರಿಸಿ, ಆಮೇಲೆ ಮಾತಾಡಿ. ನಾನು ಕುಂದಾಪುರದವಳು.

ಸೋಫಾ ಫ್ಯಾನ್:
ನಾನು ಕೋಲ್ಡ್‌ಪ್ಲೇಯ 2025ರ ಜನವರಿ 26ರ ಅಹಮದಾಬಾದ್ ಶೋ ಮನೆಯಲ್ಲೇ ನೋಡಿದೆ, ಹಾಟ್‌ಸ್ಟಾರ್‌ನಲ್ಲಿ ಲೈವ್ ಬಂತು. ಸೌಂಡ್‌ಬಾರ್ ಹಾಕಿ, ಕಾಂದಾ ಭಜಿ ಮಾಡಿಕೊಂಡು. ಟಾಯ್ಲೆಟ್ ಕ್ಯೂ ಇಲ್ಲ.

ಲೆಕ್ಕ ಪಕ್ಕಾ:
ಇದನ್ನ ಓದಿ ನನಗೆ ಎದೆ ಉರಿಯಿತು.

ತುಂಗಾ ದಡದವನು:
ಎಲ್ಲರಿಗೂ ಥ್ಯಾಂಕ್ಸ್. ಮಾದಾವರದಲ್ಲಿ ಗ್ಯಾಲರಿ ಇಲ್ಲ, ಮೈದಾನ. ಪಿಟ್ ಒಬ್ಬರಿಗೆ 6,500, ಹಿಂದೆ 2,900. ಶೋ ಹತ್ತಕ್ಕೆ ಮುಗಿಯುತ್ತಂತೆ. ರಾತ್ರಿ ಬಸ್ಸು ಹೇಗೆ, ಯಾರಾದರೂ ಹೇಳಿ.

ಎಂಟನೇ ಮೈಲಿ:
ಹತ್ತಕ್ಕೆ ಮುಗಿಸಲೇಬೇಕು, ಬಯಲಲ್ಲಿ ಮೈಕಿಗೆ ಅದೇ ಕಾನೂನು. ನಾನು ಆ ಕಡೆಯವನೇ, ಶೋ ಇದ್ದ ದಿನ ತುಮಕೂರು ರಸ್ತೆ ಜಾಮ್ ನೋಡಿ ನೋಡಿ ಸಾಕಾಗಿದೆ. ಕ್ಯಾಬ್ ಆಸೆ ಬಿಡಿ. ನಮ್ಮ ಮನೆಗೆ ಬಂದ ನೆಂಟ ಬನಶಂಕರಿಗೆ 1,900 ಕೊಟ್ಟು ಹೋದ, ಅದೂ ಒಂದೂವರೆ ಗಂಟೆ ಕಾದು. ಮಾದಾವರ ಮೆಟ್ರೊ 2024ರ ನವೆಂಬರ್‌ನಲ್ಲಿ ಶುರುವಾಗಿದೆ, ಅದೇ ಗತಿ. ಹೋಗುವಾಗಲೇ ವಾಪಸ್ ಬರೋಕೂ ಕಾರ್ಡಿನಲ್ಲಿ ದುಡ್ಡು ಹಾಕಿಸಿಕೊಳ್ಳಿ, ರಾತ್ರಿ ಕೌಂಟರ್ ಮುಂದೆ ನಿಂತರೆ ಮುಗಿಯಿತು.

ಶಿವಮೊಗ್ಗ ಬಸ್ಸು ಹೇಗೂ ಅದೇ ರಸ್ತೆಯಲ್ಲಿ ಹೋಗುತ್ತೆ. ಮಾದಾವರದಲ್ಲೇ ರಸ್ತೆಗೆ ಬಂದು ಕೈ ಅಡ್ಡ ಹಾಕಿ.

ಗ್ಯಾಲರಿ ಅಕ್ಕ:
ಹೈವೇಲಿ ರಾತ್ರಿ ಹನ್ನೊಂದಕ್ಕೆ ಅಕ್ಕನ ಜೊತೆ ಕೈ ಅಡ್ಡ ಹಾಕು ಅಂತೀರಲ್ಲ, ಏನು ಹೇಳೋದು ನಿಮಗೆ. ರಿಸರ್ವೇಷನ್ ಬಸ್ಸು ಅಲ್ಲಿ ನಿಲ್ಲಿಸುತ್ತಾ?

ಎಂಟನೇ ಮೈಲಿ:
ನಮಗೆ ನಿಲ್ಲಿಸ್ತಾರೆ.

ಗರಾಜ್ ಗಿಟಾರು:
ನಿಮಗೆ ನಿಲ್ಲಿಸ್ತಾರೆ ಅಂದರೆ ಅವರಿಗೆ ನಿಲ್ಲಿಸ್ತಾರಾ? ಟೆಂಪೋದಲ್ಲಿ ಆ ರಸ್ತೆ ಎಷ್ಟೋ ಸಲ ಓಡಾಡಿದ್ದೇನೆ, ಜಾಮ್‌ನಲ್ಲಿ ಫ್ಲೈಓವರ್ ಹತ್ತಿದ ಬಸ್ಸು ಯಾರಿಗೂ ನಿಲ್ಲಿಸಲ್ಲ. ಮೆಟ್ರೊ ಹತ್ತಿ ಜಾಲಹಳ್ಳಿಗೆ ವಾಪಸ್ ಬಾ ಗುರು, ಜಾಲಹಳ್ಳಿ ಕ್ರಾಸ್ ಪಿಕಪ್ ಪಾಯಿಂಟ್ ಹಾಕಿ ಟಿಕೆಟ್ ಬುಕ್ ಮಾಡು. ಹನ್ನೊಂದೂವರೆ ಮೇಲಿನ ಬಸ್ಸು.

ಕಿವಿ ಇದ್ದವನು:
ಬಸ್ ಯಾಕೆ? ತಾಳಗುಪ್ಪ ರೈಲು ರಾತ್ರಿ ಹನ್ನೊಂದರ ಸುಮಾರಿಗೆ ಮೆಜೆಸ್ಟಿಕ್ ಬಿಟ್ಟು ಯಶವಂತಪುರಕ್ಕೆ ಬರುತ್ತೆ, ಯಶವಂತಪುರವೂ ಅದೇ ಹಸಿರು ಲೈನಿನಲ್ಲೇ ಇದೆ.

ಎಂಟನೇ ಮೈಲಿ:
ಹತ್ತಕ್ಕೆ ಶೋ ಬಿಟ್ಟು, ಅಷ್ಟು ಜನ ಒಂದೇ ಗೇಟಿನಿಂದ ಹೊರಗೆ ಬಂದು, ಮೆಟ್ರೊ ಕ್ಯೂ ದಾಟಿ ಆ ರೈಲು ಹಿಡೀತಾರಾ? ನೀವು ಪ್ಲಗ್ ತೆಗೆಯೋ ಅಷ್ಟರಲ್ಲಿ ರೈಲು ತುಮಕೂರು ದಾಟಿರುತ್ತೆ.

ಅರಮನೆ ಮೈದಾನ:
ಕೊನೇ ಹಾಡು ಬಿಟ್ಟು ಒಂಬತ್ತೂವರೆಗೇ ಹೊರಟರೆ ರೈಲು ಸಿಗುತ್ತೆ. ಆದರೆ ಹಾಗೆ ಹೊರಡುವವನು ಹೋಗೋದೇ ಬೇಡ.

ಗ್ಯಾಲರಿ ಅಕ್ಕ:
ಜಾಲಹಳ್ಳಿ ಕ್ರಾಸ್, ಹನ್ನೆರಡರ ಬಸ್ಸು, ಇಬ್ಬರಿಗೂ ಅಕ್ಕಪಕ್ಕದ ಸೀಟು. ಹಿಂದಿನ ಟಿಕೆಟ್ ತಗೊಳ್ಳಿ, ಗೇಟ್ ತೆಗೆಯುವ ಹೊತ್ತಿಗೆ ಹೋಗಿ ಪಿಟ್‌ನ ಹಿಂದಿನ ಬ್ಯಾರಿಕೇಡಿಗೆ ಅಂಟಿ ನಿಂತುಬಿಡಿ. ಪಿಟ್‌ನಲ್ಲಿರುವವರೆಲ್ಲಾ ಮುಂದಕ್ಕೆ ನುಗ್ಗಿರುತ್ತಾರೆ, ಐದಡಿ ಇರುವವರಿಗೂ ಮುಂದೆ ಸ್ವಲ್ಪ ಖಾಲಿ ಸಿಗುತ್ತೆ. ಮತ್ತೆ ನಿಮ್ಮ ಅಕ್ಕನನ್ನ ಒಂದು ಮಾತು ಕೇಳಿದ್ರಾ, ಅವರಿಗೆ ಪಿಟ್ ಬೇಕಾ ಅಂತ?

ಸೋಫಾ ಫ್ಯಾನ್:
ಜಾಲಹಳ್ಳಿ ಕ್ರಾಸ್‌ನಲ್ಲಿ ಹನ್ನೆರಡಕ್ಕೆ ಊಟ ಸಿಗುತ್ತಾ?

ಎಂಟನೇ ಮೈಲಿ:
ಎಗ್ ರೈಸ್ ಗಾಡಿ ಇರುತ್ತೆ. ಪೊಲೀಸ್ ಬಂದರೆ ಇರಲ್ಲ.