ಎಸ್.ಎಸ್. ಪುರಂ, ಅಶೋಕನಗರ ಕಡೆ ಸಣ್ಣ ಕಾಫಿ ಅಂಗಡಿಗಳು: ಯಾವುದು ಚೆನ್ನಾಗಿದೆ ಅಂತ ತಿಳಿಯುವುದು ಹೇಗೆ?

ಡಿಕಾಕ್ಷನ್ ಮನೆ:

ನಮಸ್ಕಾರ. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ತುಮಕೂರಿಗೆ ವಾಪಸ್ ಬಂದಿದ್ದೇನೆ. ಮನೆ ಎಸ್.ಎಸ್. ಪುರಂನಲ್ಲಿ, ಕೆಲಸ ಮನೆಯಿಂದಲೇ. ಬಿ.ಹೆಚ್. ರಸ್ತೆಯ ಗಲಾಟೆ ಬಿಟ್ಟು ಎರಡು ಮೂರು ಕ್ರಾಸ್ ಒಳಗೆ ಬಂದರೆ, ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗದಲ್ಲೋ ಮನೆಯ ಮುಂದಿನ ರೂಮಿನಲ್ಲೋ ಕಾಫಿ ಅಂಗಡಿ ಶುರು ಮಾಡಿರುವವರು ಕಾಣುತ್ತಾರೆ. ನಾಲ್ಕು ಕುರ್ಚಿ, ಒಂದು ಮಷೀನು, ಗೋಡೆಗೆ ಒಂದು ಕರಿ ಹಲಗೆ. ದೊಡ್ಡ ಕಂಪನಿಯ ಬೋರ್ಡ್ ಇಲ್ಲ. ನನಗೆ ಇದು ತುಂಬಾ ಇಷ್ಟವಾಯಿತು. ಚಪ್ಪಲಿ ಮೆಟ್ಟಿಕೊಂಡು ನಡೆದರೆ ಸಾಕು, ಒಳ್ಳೆ ಕಾಫಿ ಸಿಗುತ್ತದೆ.

ಆದರೆ ಹಲಗೆ ಮೇಲೆ ಬರೆದಿರೋದು ತಲೆಗೆ ಹತ್ತುವುದಿಲ್ಲ. ಸೆಲೆಕ್ಷನ್ 795, ನ್ಯಾಚುರಲ್, ವಾಶ್ಡ್, ಪೋರ್ ಓವರ್. ಒಂದು ಕಪ್ಪಿಗೆ 180, 200 ರೂಪಾಯಿ. ಕೊಡೋಕೆ ಬೇಜಾರಿಲ್ಲ, ಆದರೆ ಯಾರು ಕಾಫಿಯ ಮೇಲೆ ಪ್ರೀತಿಯಿಟ್ಟು ಮಾಡುತ್ತಿದ್ದಾರೆ, ಯಾರು ಸುಮ್ನೆ ಲೈಟು, ಹೂಕುಂಡ ಇಟ್ಟು ರೇಟ್ ಹಾಕಿದ್ದಾರೆ ಅಂತ ಹೇಗೆ ಗುರುತಿಸೋದು? ಅಪ್ಪನನ್ನೂ ಒಮ್ಮೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಅವರು ಜೀವನಪೂರ್ತಿ ಚಿಕೋರಿ ಹಾಕಿದ ಫಿಲ್ಟರ್ ಕಾಫಿ ಕುಡಿದವರು. ಅವರಿಗೆ ಏನು ಆರ್ಡರ್ ಮಾಡಲಿ?

ಅಮಾನಿಕೆರೆ ವಾಕರ್:

ವಾಪಸ್ ಬಂದಿದ್ದು ಸಂತೋಷ. ಅಂಗಡಿ ಹೆಸರು ಹೇಳೋದಿಲ್ಲ, ಯಾಕಂದ್ರೆ ಸಣ್ಣ ಅಂಗಡಿಯಲ್ಲಿ ಕಾಫಿ ಮಾಡುವ ಹುಡುಗ ಬಿಟ್ಟು ಹೋದರೆ ರುಚಿಯೂ ಅವನ ಜೊತೆಗೇ ಹೋಗುತ್ತದೆ. ನೋಡೋದು ಹೇಗೆ ಅಂತ ಹೇಳುತ್ತೇನೆ.

ಮೊದಲು ಬೀಜದ ಪ್ಯಾಕೆಟ್ ಕೇಳಿ. ಅದರ ಮೇಲೆ ಹುರಿದ ತಾರೀಕು ಇರಬೇಕು. ಎಕ್ಸ್‌ಪೈರಿ ತಾರೀಕು ಮಾತ್ರ ಇದ್ದರೆ ಸಾಲದು. ಹುರಿದು ಒಂದು ವಾರದಿಂದ ಒಂದು ತಿಂಗಳ ಒಳಗಿನದು ಚೆನ್ನಾಗಿರುತ್ತದೆ. ಆಮೇಲೆ ಎಸ್ಟೇಟ್ ಹೆಸರು, ತಳಿ, ಯಾವ ರೀತಿ ಸಂಸ್ಕರಣೆ ಮಾಡಿದ್ದು ಅಂತ ಇರಬೇಕು. ವಾಶ್ಡ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ಅಂಟು ತೊಳೆದು, ಬೀಜ ಒಣಗಿಸಿದ್ದು. ರುಚಿ ತಿಳಿಯಾಗಿರುತ್ತದೆ, ಸ್ವಲ್ಪ ಹುಳಿ ಎದ್ದು ಕಾಣುತ್ತದೆ. ನ್ಯಾಚುರಲ್ ಅಂದರೆ ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು. ಅದರಲ್ಲಿ ಹಣ್ಣಿನ ಸಿಹಿ, ಘಮ ಜಾಸ್ತಿ.

ಇನ್ನೊಂದು ಪರೀಕ್ಷೆ ಇದೆ, ದುಡ್ಡು ಖರ್ಚಿಲ್ಲದ್ದು. ಪೋರ್ ಓವರ್, ಅಂದರೆ ಕಾಗದದ ಫಿಲ್ಟರಿನಲ್ಲಿ ಪುಡಿ ಹಾಕಿ ಕೈಯಿಂದ ನೀರು ಸುರಿದು ಮಾಡುವ ಕಾಫಿ, ಅದನ್ನು ಹೇಳಿ ಕೌಂಟರ್ ಹತ್ತಿರವೇ ನಿಂತುಕೊಳ್ಳಿ. ಬೀಜವನ್ನು ಆಗಲೇ ತೂಕ ಮಾಡಿ ಪುಡಿ ಮಾಡಬೇಕು, 15 ಗ್ರಾಂ ಆಸುಪಾಸು. ಕಾಗದದ ಫಿಲ್ಟರನ್ನು ಬಿಸಿನೀರಿನಲ್ಲಿ ಒಮ್ಮೆ ತೋಯಿಸಿ ಆ ನೀರು ಚೆಲ್ಲಬೇಕು, ಇಲ್ಲದಿದ್ದರೆ ಕಾಗದದ ವಾಸನೆ ಬರುತ್ತದೆ. ಮೊದಲು ಪುಡಿ ನೆನೆಯುವಷ್ಟು ಮಾತ್ರ ನೀರು ಹಾಕಿ ಅರ್ಧ ನಿಮಿಷ ಸುಮ್ಮನಿರುತ್ತಾರೆ. ಆಗ ಪುಡಿ ಉಬ್ಬಿ ಗುಳ್ಳೆ ಗುಳ್ಳೆಯಾಗಿ ಏಳಬೇಕು. ಹುರಿದಾಗ ಬೀಜದೊಳಗೆ ಸೇರಿಕೊಂಡ ಗಾಳಿ ಹೊರಗೆ ಬರೋದು ಅದು. ಹಳೇ ಬೀಜ ಆದರೆ ಏನೂ ಏಳುವುದಿಲ್ಲ, ನೀರು ಹಾಕಿದ ಮಣ್ಣಿನ ಹಾಗೆ ಸುಮ್ನೆ ಕುಸಿಯುತ್ತದೆ. ಆಮೇಲೆ ನಿಧಾನಕ್ಕೆ ಸುತ್ತಿಸಿ ಸುತ್ತಿಸಿ 240 ಮಿಲಿ ತನಕ ಹಾಕುತ್ತಾರೆ, ಒಟ್ಟು ಮೂರು ನಿಮಿಷದ ಕೆಲಸ. ಆ ಮೂರು ನಿಮಿಷ ಫೋನ್ ನೋಡದೆ ಮಾಡುವವರ ಅಂಗಡಿಗೆ ಮತ್ತೆ ಹೋಗಿ.

ಹೆದ್ದಾರಿ 73:

ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ, ಮಕ್ಕಳ ಓದಿಗೆ ಅಂತ ಈಗ ಇಲ್ಲಿ ಸಿದ್ಧಗಂಗಾ ಬಡಾವಣೆಯಲ್ಲಿ ಇದ್ದೇವೆ. ಮಂಗಳೂರಿಂದ ಚಾರ್ಮಾಡಿ, ಮೂಡಿಗೆರೆ, ಬೇಲೂರು ಮೇಲೆ ಬರುವ ರಸ್ತೆ ತುಮಕೂರಲ್ಲೇ ಮುಗಿಯುತ್ತದೆ. ಅಷ್ಟು ಹತ್ತಿರ ಇದ್ದರೂ ನಮ್ಮ ತೋಟಗಳ ಒಳ್ಳೆ ಕಾಫಿ ಇಲ್ಲಿನವರ ಬಾಯಿಗೆ ಬೀಳುತ್ತಿರಲಿಲ್ಲ. ಅದಕ್ಕೆ ಕಾರಣ ಇದೆ.

ನಮ್ಮ ತಂದೆಯವರ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡ್ ಎಲ್ಲರದನ್ನೂ ಒಟ್ಟು ಸೇರಿಸಿ ಮಾರುವ ಪೂಲ್‌ಗೆ ಕೊಡಬೇಕಿತ್ತು. ಚೆನ್ನಾಗಿ ಮಾಡಿದವನ ಕಾಫಿ, ಹೇಗೋ ಮಾಡಿದವನ ಕಾಫಿ, ಒಂದೇ ಗ್ರೇಡ್ ಆದರೆ ಒಂದೇ ರಾಶಿ. ತೋಟದ ಹೆಸರು ಅಲ್ಲಿಗೇ ಅಳಿಸಿ ಹೋಗುತ್ತಿತ್ತು. 1992ರಿಂದ ಸ್ವಲ್ಪ ಸ್ವಲ್ಪ ಸಡಿಲ ಮಾಡಿ 1996ರಲ್ಲಿ ಪೂರ್ತಿ ಬಿಟ್ಟರು. ಆಮೇಲೆ ತಾನೇ ಬೆಳೆಗಾರ ತನ್ನ ಕಾಫಿಯನ್ನು ತನ್ನ ಹೆಸರಲ್ಲಿ ಮಾರುವಂತಾದದ್ದು. ಇವತ್ತಿಗೂ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುತ್ತದೆ. ಹಾಗಾಗಿ ಅಶೋಕನಗರದ ಒಂದು ಹಲಗೆ ಮೇಲೆ ಮಲೆನಾಡಿನ ತೋಟದ ಹೆಸರು ಕಂಡರೆ ನನಗೆ ಹೊಟ್ಟೆ ತುಂಬಿದಂತಾಗುತ್ತದೆ.

ನೀವು ಕೇಳಿದ ಸೆಲೆಕ್ಷನ್ 795 ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು, 1940ರ ದಶಕದಲ್ಲಿ ಬಂದ ಅರೇಬಿಕಾ ತಳಿ. ಎಲೆಗೆ ತುಕ್ಕು ರೋಗ ಬಂದು ತೋಟಗಳು ಹಾಳಾಗುತ್ತಿದ್ದವು, ಅದನ್ನು ತಡೆಯಲಿ, ರುಚಿಯೂ ಇರಲಿ ಅಂತ ಕೆಂಟ್ ತಳಿಯ ಜೊತೆ ಬೆರೆಸಿ ಮಾಡಿದ್ದು. ನಮ್ಮ ಕಡೆ ಈಗಲೂ ಎಲ್ಲೆಲ್ಲೂ ಅದೇ. ಕಾಫಿಯ ಇನ್ನೊಂದು ಜಾತಿ ರೋಬಸ್ಟಾ, ಹಾಗೆ ಬರೆದಿದ್ದರೂ ಮೂಗು ಮುರಿಯಬೇಡಿ. ಕೆಂಪಾದ ಹಣ್ಣನ್ನೇ ಆರಿಸಿ ಕೊಯ್ದು ಚೆನ್ನಾಗಿ ಒಣಗಿಸಿದ ರೋಬಸ್ಟಾ ಹಾಲಿನ ಜೊತೆ ಬಹಳ ಚೆನ್ನಾಗಿರುತ್ತದೆ. ನಿಮ್ಮ ತಂದೆಯವರಿಗೆ ಅದನ್ನೇ ಕೊಡಿಸಿ.

ಕ್ಯಾತ್ಸಂದ್ರ ತಟ್ಟೆ:

ನನ್ನ ಅಭಿಪ್ರಾಯ ಬೇರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು 20 ರೂಪಾಯಿಗೆ ಸಿಗುವ ಬಿಸಿ ಬಿಸಿ ಕಾಫಿ ಕುಡಿದರೆ ನನಗೆ ಅದಕ್ಕಿಂತ ಬೇಕಿಲ್ಲ. ಕೆಲವರು ಚಿಕೋರಿ ಅಂದರೆ ಕಲಬೆರಕೆ ಅನ್ನೋ ಥರ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಅದು ಒಂದು ಬೇರು, ಹುರಿದು ಪುಡಿ ಮಾಡಿದ್ದು, ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಕೊಡುತ್ತದೆ. ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕಡಿಮೆ ಅಂದರೂ 51 ಶೇಕಡ ಇರಬೇಕು, ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು. ಅದನ್ನು ಓದಿ ತಗೊಂಡರೆ ಆಯಿತು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಬಡಾವಣೆ ಅಂದರೆ ಜನ ವಾಸ ಮಾಡುವ ಜಾಗ. ನಮ್ಮ ರಸ್ತೆಯಲ್ಲಿ ಇಂಥ ಒಂದು ಅಂಗಡಿ ಬಂದ ಮೇಲೆ ಸಂಜೆಯಾದರೆ ಗೇಟ್ ಮುಂದೆ ಬೈಕ್‌ಗಳು. ನಮ್ಮಮ್ಮನಿಗೆ ಮಂಡಿ ನೋವು, ಆಟೋ ಬಾಗಿಲ ತನಕ ಬರೋಕೆ ಆಗುವುದಿಲ್ಲ. ಕಾಫಿ ಎಷ್ಟೇ ಚೆನ್ನಾಗಿರಲಿ, ಅಕ್ಕಪಕ್ಕದವರನ್ನು ಗಮನಿಸದ ಅಂಗಡಿ ಒಳ್ಳೆ ಅಂಗಡಿ ಅಂತ ನಾನು ಒಪ್ಪುವುದಿಲ್ಲ.

ಕೌಂಟರ್ ಹಿಂದಿನವಳು:

ತುಮಕೂರಲ್ಲೇ ಒಂದು ಚಿಕ್ಕ ಅಂಗಡಿ ನಡೆಸುತ್ತೇನೆ, ಹೆಸರು ಹೇಳಿದರೆ ಪ್ರಚಾರ ಆಗುತ್ತದೆ, ಬೇಡ.

ಮೊದಲು ಕ್ಯಾತ್ಸಂದ್ರ ಸರ್‌ಗೆ. ಬೈಕ್ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಗಿರಾಕಿಗಳು ಪಕ್ಕದ ಮನೆಯವರ ಗೇಟ್ ಮುಂದೆ ಗಾಡಿ ನಿಲ್ಲಿಸಿದರೆ ನಾನು ಆರ್ಡರ್ ತಗೊಳ್ಳುವುದಿಲ್ಲ, ಮೊದಲು ತೆಗೆಸುತ್ತೇನೆ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುತ್ತೇನೆ, ಹಾಡು ಮ್ಯೂಸಿಕ್ಕು ಹೊರಗೆ ಕೇಳಿಸುವ ಹಾಗೆ ಹಾಕುವುದಿಲ್ಲ. ನಿಮ್ಮ ರಸ್ತೆಯವರು ಹಾಗೆ ಮಾಡದಿದ್ದರೆ ದಯವಿಟ್ಟು ನೇರವಾಗಿ ಹೋಗಿ ಹೇಳಿ, ಸಣ್ಣ ಅಂಗಡಿಯವರಿಗೆ ಅಕ್ಕಪಕ್ಕದವರನ್ನು ಎದುರು ಹಾಕಿಕೊಂಡು ಬದುಕೋಕೆ ಆಗುವುದಿಲ್ಲ.

ಇನ್ನು ನೀರಿನ ಮಾತು. ಕಾಫಿಯಲ್ಲಿ ಬಹುಪಾಲು ನೀರೇ ಅಲ್ವಾ. ನಮ್ಮ ಊರಿನ ಬೋರ್ ನೀರು ಗಡಸು, ಕೆಟಲ್ ತಳದಲ್ಲಿ ಬಿಳೀ ಪದರ ಕಟ್ಟುತ್ತದೆ. ಆ ನೀರಲ್ಲಿ ಎಂಥ ಒಳ್ಳೆ ವಾಶ್ಡ್ ಕಾಫಿ ಮಾಡಿದರೂ ಹುಳಿ ಸತ್ತು ಸಪ್ಪೆಯಾಗುತ್ತದೆ. ಬರೀ ಆರ್.ಒ. ನೀರಲ್ಲಿ ಮಾಡಿದರೆ ಖನಿಜ ಹೆಚ್ಚೇನೂ ಉಳಿದಿರುವುದಿಲ್ಲ, ರುಚಿ ಸರಿಯಾಗಿ ಇಳಿಯುವುದೇ ಇಲ್ಲ. ಆದ್ದರಿಂದ ಎರಡನ್ನೂ ಬೆರೆಸಿ, ಮೀಟರಿನಲ್ಲಿ ಟಿ.ಡಿ.ಎಸ್., ಅಂದರೆ ನೀರಲ್ಲಿ ಕರಗಿರುವ ಲವಣ, ಖನಿಜದ ಅಳತೆ, 150ರ ಹತ್ತಿರ ಬರುವಂತೆ ನೋಡಿಕೊಳ್ಳುತ್ತೇನೆ. ಹೇಮಾವತಿ ನೀರು ಬಂದ ದಿನ ಮತ್ತೆ ಅಳೆಯಬೇಕು. ನೀವು ಹೋದ ಅಂಗಡಿಯಲ್ಲಿ "ಯಾವ ನೀರು ಹಾಕುತ್ತೀರಾ" ಅಂತ ಕೇಳಿ ನೋಡಿ. ಕಾಳಜಿ ಇರುವವರು ಖುಷಿಯಾಗಿ ಹೇಳುತ್ತಾರೆ.

ರೇಟಿನ ಬಗ್ಗೆ: ಮಷೀನಿನಲ್ಲಿ ಇಳಿಸುವ ಗಟ್ಟಿ ಕಾಫಿ, ಒಂದು ಡಬಲ್ ಎಸ್ಪ್ರೆಸ್ಸೋಗೆ, 18 ಗ್ರಾಂ ಬೀಜ ಬೇಕು, ಅಂದರೆ ಒಂದು ಕಿಲೋದಲ್ಲಿ 55 ಕಪ್ಪು. ಬೆಳಗ್ಗೆ ಗ್ರೈಂಡರ್ ಸರಿ ಮಾಡುವಾಗ ಚೆಲ್ಲುವುದು ಬೇರೆ. ಬಾಡಿಗೆ, ಕರೆಂಟು, ನಂದಿನಿ ಹಾಲು ಎಲ್ಲದರ ಖರ್ಚೂ ಸೇರುತ್ತದೆ, ಆದರೆ ದಿನಕ್ಕೆ ಬರುವ ಗಿರಾಕಿಗಳು ಕಡಿಮೆ. ಹೋಟೆಲಿನ ಹಾಗೆ ಸಾವಿರ ಕಪ್ಪು ಹೋಗುವುದಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವರು ಮಧ್ಯಾಹ್ನ ಬನ್ನಿ, ಆಗ ಕುರ್ಚಿ ಖಾಲಿ ಇರುತ್ತವೆ. ಶನಿವಾರ ಸಂಜೆ ಮಾತ್ರ ಬೇಗ ಎದ್ದರೆ ಉಪಕಾರ.

ಡಿಕಾಕ್ಷನ್ ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನನ್ನು ಕರೆದುಕೊಂಡು ಹೋಗಿ ಬಂದೆ. ಅಂಗಡಿಯವರೇ ಹುರಿದ ತಾರೀಕು ತೋರಿಸಿದರು, ಹನ್ನೆರಡು ದಿನ ಆಗಿತ್ತು. ಗುಳ್ಳೆ ಚೆನ್ನಾಗಿ ಎದ್ದವು. ಅಪ್ಪ ನನ್ನ ಪೋರ್ ಓವರ್ ಒಂದು ಗುಟುಕು ಕುಡಿದು "ಇದು ಟೀ ಥರ ಇದೆಯಲ್ಲೋ" ಅಂದು ಪಕ್ಕಕ್ಕಿಟ್ಟರು. ರೋಬಸ್ಟಾ, ಹಾಲು ಹಾಕಿದ್ದು ಪೂರ್ತಿ ಕುಡಿದರು, ಕೊನೆಗೆ ಅಂಗಡಿಯವರ ಹತ್ತಿರ ಅದೇ ಬೀಜ ಕಾಲು ಕಿಲೋ ಪುಡಿ ಮಾಡಿಸಿಕೊಂಡರು. ಮನೆಯ ಹಿತ್ತಾಳೆ ಫಿಲ್ಟರಿನಲ್ಲಿ ಹಾಕಿದರೆ ಡಿಕಾಕ್ಷನ್ ಬೇಗ ಇಳಿದು ತೆಳ್ಳಗಾಗುತ್ತಿದೆ. ಏನು ಮಾಡಲಿ?

ಕೌಂಟರ್ ಹಿಂದಿನವಳು:

ಚಿಕೋರಿ ಇಲ್ಲದ ಪುಡಿ ನೀರನ್ನು ಅಷ್ಟು ಹಿಡಿದಿಡುವುದಿಲ್ಲ, ಬೇಗ ಇಳಿಯುತ್ತದೆ. ಮುಂದಿನ ಸಲ ಇನ್ನೂ ನುಣ್ಣಗೆ ಪುಡಿ ಮಾಡಿಸಿ, ಆದರೆ ತೀರಾ ಹಿಟ್ಟಾಗಬಾರದು, ತೂತು ಕಟ್ಟುತ್ತದೆ. ಸದ್ಯಕ್ಕೆ ಒಂದು ಚಮಚ ಪುಡಿ ಜಾಸ್ತಿ ಹಾಕಿ, ಒತ್ತುವ ತಟ್ಟೆ ಇಟ್ಟು, ನೀರನ್ನು ಎರಡು ಸಲ ಮಾಡಿ ಹಾಕಿ. ಅಪ್ಪನಿಗೆ ಆಗಲೂ ಗಟ್ಟಿ ಸಾಲದು ಅನ್ನಿಸಿದರೆ ಹತ್ತು ಶೇಕಡ ಚಿಕೋರಿ ಸೇರಿಸಿ, ಅದರಲ್ಲಿ ತಪ್ಪೇನೂ ಇಲ್ಲ.

ಹೆದ್ದಾರಿ 73:

ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ ತನಕ, ರೋಬಸ್ಟಾ ಅದಾದ ಮೇಲೆ. ಬೇಸಿಗೆಯಲ್ಲಿ ಅಂಗಡಿಗೆ ಹೋದಾಗ ಹೊಸ ಬೆಳೆ ಬಂತಾ ಅಂತ ಕೇಳಿ, ಬಂದಿದ್ದರೆ ಅದನ್ನೇ ತಗೊಳ್ಳಿ.