ಎಂಟರ ಮಗಳಿಗೆ ಡಿಸ್ಲೆಕ್ಸಿಯಾ: ಇನ್ನೊಂದು ವರ್ಷ ಕಾಯಬೇಕೇ?

ಕೇಳಿದ ತಾಯಿ: ಎಂಟು ವರ್ಷದ ನನ್ನ ಮಗಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವಲ್ಲಿನ ತೊಡಕು, ಇದೆಯೆಂದು ಕಳೆದ ವಾರ ವರದಿ ಬಂದಿದೆ. ಕೇಳಿದ ಪಾಠವನ್ನು ಒಂದು ಮಾತೂ ಬಿಡದೆ ಬಾಯಲ್ಲಿ ಒಪ್ಪಿಸುವವಳು, ಅದನ್ನೇ ಓದೆಂದರೆ ಹೊಟ್ಟೆನೋವು ಎನ್ನುತ್ತಾಳೆ. ಇನ್ನೊಂದು ವರ್ಷ ಕಾದರೆ ತಾನೇ ಸರಿಹೋಗುತ್ತದೆ ಎನ್ನುವುದು ಮನೆಯ ಹಿರಿಯರ ಮಾತು. ಅನುಭವವಿರುವವರು ದಯವಿಟ್ಟು ತಿಳಿಸಿ.

ಒಬ್ಬ ತಂದೆ: ನಾನು ಕಾಯಲಿಲ್ಲ; ಕಾದಿದ್ದರೆ ಹಣವಾದರೂ ಉಳಿಯುತ್ತಿತ್ತು. ಅಕ್ಷರಗಳು ಕುಣಿಯುತ್ತವೆ ಎಂದು ಮಗ ಅಂದದ್ದನ್ನೇ ಹಿಡಿದುಕೊಂಡು, ದೋಷ ಕಣ್ಣಿನದೇ ಎಂದು ತೀರ್ಮಾನಿಸಿ, 14 ತಿಂಗಳ ಕಾಲ ವಾರಕ್ಕೆರಡು ಸಲ ಕಣ್ಣಿನ ವ್ಯಾಯಾಮಕ್ಕೆ ಕರೆದೊಯ್ದೆ. ಹೋಗಿಬರಲು ಮೂರು ಗಂಟೆ, ವ್ಯಾಯಾಮ 20 ನಿಮಿಷ. ಬಣ್ಣದ ಕನ್ನಡಕಗಳೂ ಆದವು: ಮೊದಲು ಹಳದಿ, ಬಳಿಕ ನೀಲಿ, ಕೊನೆಗೆ ಹಸಿರು. ಹಸಿರಿನದರ ಕಡ್ಡಿ ಮುರಿದಾಗ ಅದನ್ನು ಸರಿಮಾಡಿಸಲು ಮತ್ತೆ ಹಣ ಕಟ್ಟಿದ ಜಾಣ ನಾನು. ಇಂಥ ಗಾಜು, ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾಕ್ಕೆ ಪ್ರಯೋಜನವಿದೆಯೆನ್ನಲು ತಕ್ಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿದ್ದವು. ನಾನದನ್ನು ಓದಿದ್ದು ಮೂರನೆಯ ಕನ್ನಡಕದ ನಂತರ.

ಇಬ್ಬರು ಮಕ್ಕಳ ತಾಯಿ: ವಿಚಾರಿಸುವ ಮೊದಲೇ ಹಣ ಕಟ್ಟಿದ್ದು ಕನ್ನಡಕದ ತಪ್ಪಲ್ಲ. ತೊಡಕಿರುವುದು ಆಡುವ ಮಾತನ್ನು ಧ್ವನಿಗಳಾಗಿ ಬಿಡಿಸಿ, ಆ ಧ್ವನಿಗಳನ್ನು ಅಕ್ಷರಗಳಿಗೆ ಕೂಡಿಸುವಲ್ಲಿ. ಆದ್ದರಿಂದ ನಾನು ರಜೆಯನ್ನೂ ಬಿಡದೆ ದಿನಕ್ಕೆ 40 ನಿಮಿಷದಂತೆ ಎರಡು ವರ್ಷ ಮಗನಿಗೆ ಅದನ್ನೇ ಮಾಡಿಸಿದೆ: ಒಂದು ಧ್ವನಿಗೆ ಒಂದರಂತೆ ಅಂಗಿಯ ಗುಂಡಿಗಳನ್ನು ಸಾಲಾಗಿ ಇಡುವುದು, ಒಂದನ್ನು ತೆಗೆದರೆ ಉಳಿಯುವುದೇನೆಂದು ಹೇಳುವುದು, ಆಮೇಲೆ ಬರೆಯುವುದು. ಮೊದಲ ಐದು ತಿಂಗಳು, ಮೇಲಿನ ಸಾಲಿನಲ್ಲಿ ಓದಿದ ಪದವನ್ನೇ ಕೆಳಗಿನ ಸಾಲಿನಲ್ಲಿ ಹೊಸದೆಂಬಂತೆ ನೋಡುತ್ತಿದ್ದ. ನಾನು ಕೆಲಸ ಬಿಟ್ಟೆ; ಚಿಕ್ಕವಳ ಪಾಲಿಗೆ ನಾನು ಸಿಗಲೇ ಇಲ್ಲ. ಈಗ ಅವನು ಓದುತ್ತಾನೆ. ನಿಧಾನವಾಗಿ, ಆದರೆ ತಾನೇ ಓದುತ್ತಾನೆ. ಅಲ್ಲಿಯವರೆಗೆ ಆಡಿಯೋ ಪುಸ್ತಕವನ್ನು ಮನೆಯೊಳಗೆ ಬಿಟ್ಟಿರಲಿಲ್ಲ.

ಡಿಸ್ಲೆಕ್ಸಿಯಾ ಇರುವವನು: ಕೊನೆಯ ವಾಕ್ಯವನ್ನು ಹೆಮ್ಮೆಯಿಂದ ಬರೆದಿದ್ದೀರಿ, ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಕಿವಿಯಿಂದ ಕೇಳಿದ ಕಥೆ ಪದಸಂಪತ್ತನ್ನು ಬೆಳೆಸುತ್ತದೆಯೇ ಹೊರತು ಓದನ್ನು ಕೆಡಿಸುವುದಿಲ್ಲ. ತರಗತಿಯಲ್ಲಿ ಸರದಿಯಂತೆ ಓದಿಸುವಾಗ ನಾನು ಮುಂದೆ ಕುಳಿತವರ ತಲೆಗಳನ್ನು ಎಣಿಸಿ, ನನ್ನ ಪಾಲಿಗೆ ಬರುವ ಪ್ಯಾರಾವನ್ನು ಹುಡುಕಿ, ತುಟಿಯೊಳಗೇ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಒಮ್ಮೆ ನನಗಿಂತ ಮೊದಲಿನ ಹುಡುಗಿಗೆ ಎರಡು ಪ್ಯಾರಾ ಓದಲು ಹೇಳಿದರು. ಆ ದಿನ ನಾನು ಎದ್ದು ನಿಂತವನು ನಿಂತೇ ಇದ್ದೆ. ಹಲಗೆಯ ಮೇಲಿನದನ್ನು ಬರೆದುಕೊಳ್ಳುವುದೂ ಹಾಗೆಯೇ: ತಲೆಯೆತ್ತಿ ನೋಡಿ ಬಗ್ಗುವಷ್ಟರಲ್ಲಿ ಪದ ಜಾರಿರುತ್ತಿತ್ತು, ಮತ್ತೆ ತಲೆಯೆತ್ತಿದರೆ ಸಾಲೇ ಸಿಗುತ್ತಿರಲಿಲ್ಲ, ಮನೆಗೆಲಸ ಅರ್ಧ ಇಳಿಯುವಷ್ಟರಲ್ಲಿ ಒರೆಸಿಬಿಡುತ್ತಿದ್ದರು. ಅದಕ್ಕೆ ಸೋಮಾರಿತನವೆಂದು ಹೆಸರಿಟ್ಟರು.

ಇಬ್ಬರು ಮಕ್ಕಳ ತಾಯಿ: ಕಥೆಗಳನ್ನು ನಾನೇ ಓದಿ ಹೇಳುತ್ತಿದ್ದೆ, ಗಂಟಲು ಕಟ್ಟುವವರೆಗೆ. ನನ್ನ ಮನೆಯ ರಾತ್ರಿಗಳನ್ನು ಕಾಣದವರು ತೀರ್ಪು ಕೊಡಬೇಕಾಗಿಲ್ಲ.

ಡಿಸ್ಲೆಕ್ಸಿಯಾ ಇರುವವನು: ಹಾಗಾದರೆ ಆಡಿಯೋ ಪುಸ್ತಕ ಮನೆಯೊಳಗೇ ಇತ್ತು, ನೀವೇ ಅದಾಗಿದ್ದಿರಿ.

ಒಬ್ಬ ತಂದೆ: ನನ್ನ ಕನ್ನಡಕವನ್ನು ಆಡಿಕೊಂಡವರು ಈಗ ತಮ್ಮಲ್ಲೇ ಜಗಳಕ್ಕಿಳಿದಿದ್ದಾರೆ. ಕಾಯಬೇಡಿ, ತಾಯಿ. ನಾನು ಕಳೆದ ಆ 14 ತಿಂಗಳಲ್ಲಿ ಮಗ ಮುಂದಿನ ತರಗತಿಗೆ ಹೋದ, ಪುಸ್ತಕಗಳು ದಪ್ಪವಾದವು, ಓದು ಮಾತ್ರ ಇದ್ದಲ್ಲೇ ಇತ್ತು. ಅಂದಹಾಗೆ, ಮಗಳಿಗೆ ಹೊಟ್ಟೆನೋವು ಬರುವುದು ಶಾಲೆಯಿರುವ ದಿನಗಳಲ್ಲಿ ಮಾತ್ರವೇ?