ಎಚ್‌ಐವಿ ಮಾತ್ರೆಗಳು ಜೀವಕೋಶಗಳ ಸಾವನ್ನೂ ತಡೆಯುತ್ತವೆ: ಒಪ್ಪದವರು ವಾದಿಸಿ

ಬೇಲೂರಿನವ: ವೈರಾಣುವಿನ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವ ಪ್ರೋಟಿಯೇಸ್ ಪ್ರತಿಬಂಧಕ ಔಷಧಗಳು ವೈರಾಣುವನ್ನು ಕಟ್ಟಿಹಾಕುವುದರ ಜೊತೆಗೆ ಎಚ್‌ಐವಿ ದಾಳಿ ಮಾಡುವ ಸಿಡಿ4 ಎಂಬ ರೋಗನಿರೋಧಕ ಕೋಶಗಳ ಆತ್ಮಹತ್ಯೆಯನ್ನೂ ನೇರವಾಗಿ ತಡೆಯುತ್ತವೆ ಎಂಬುದು ನನ್ನ ವಾದ. 1996ರ ಸುಮಾರಿಗೆ ಇವು ಬಳಕೆಗೆ ಬಂದ ಮೇಲೆ, ರಕ್ತದಲ್ಲಿ ವೈರಾಣು ಪೂರ್ತಿ ಇಳಿಯದ ಕೆಲವು ರೋಗಿಗಳಲ್ಲೂ ಸಿಡಿ4 ಎಣಿಕೆ ಏರಿದ್ದನ್ನು ವೈದ್ಯರು ಕಂಡರು. ಈ ಔಷಧಗಳು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಪೊರೆಯ ವಿದ್ಯುತ್ ವಿಭವ ಕುಸಿದು ಕೋಶ ಸಾಯದಂತೆ ಕಾಯುತ್ತವೆ, ಸೋಂಕೇ ಇಲ್ಲದ ಕೋಶದಲ್ಲೂ ಹಾಗೆ ಮಾಡುತ್ತವೆ ಎಂದು ಸಂಶೋಧಕ ಆಂಡ್ರ್ಯೂ ಬ್ಯಾಡ್ಲಿಯವರ ತಂಡ ತೋರಿಸಿದೆ. ವೈರಾಣುವೇ ಇಲ್ಲದ ಕಡೆ ಬದುಕುಳಿದ ಕೋಶವನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಪ್ರಯೋಗಪ್ರಿಯ: "ಸಿಡಿ4 ಎಣಿಕೆ ಏರಿತು" ಎಂದಿರಿ. ಔಷಧಕ್ಕೆ ಬಗ್ಗದೆ ರೂಪಾಂತರಗೊಂಡ ವೈರಾಣು ಮೊದಲಿನಷ್ಟು ಚುರುಕಾಗಿ ವೃದ್ಧಿಯಾಗಲಾರದು. ಕೋಶಗಳು ಉಳಿಯಲು ಅಷ್ಟು ಸಾಕು. ಇನ್ನು ಇದೇ ಗುಂಪಿನ ನೆಲ್ಫಿನವಿರ್ ಅನ್ನು ಸ್ವಿಟ್ಜರ್ಲೆಂಡಿನಲ್ಲಿ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಕೊಟ್ಟಾಗ, ಬೇರೆ ಔಷಧಕ್ಕೆ ಜಗ್ಗದಿದ್ದ 34 ರೋಗಿಗಳಲ್ಲಿ 22 ಮಂದಿಯ ಕಾಯಿಲೆ ಹಿಮ್ಮೆಟ್ಟಿದ್ದು 2018ರಲ್ಲಿ ಪ್ರಕಟವಾಯಿತು. ಕೋಶವನ್ನು ಕಾಯುವ ಔಷಧ ಅಲ್ಲಿ ಹೇಗೆ ಕೊಂದಿತು?

ಬೇಲೂರಿನವ: "ಹೇಗೆ ಕೊಂದಿತು" ಎಂದರೆ ಪ್ರಮಾಣದಿಂದ ಕೊಂದಿತು. ಎಚ್‌ಐವಿಗೆ ಹೊತ್ತಿಗೆ 1250 ಮಿಲಿಗ್ರಾಂ, ಅಲ್ಲಿ 2500. ಜೊತೆಗೆ ಬೋರ್ಟೆಜೋಮಿಬ್ ಎಂಬ ಕ್ಯಾನ್ಸರ್ ಔಷಧ ಕೂಡ ಇತ್ತು ಎಂಬುದನ್ನು ತಾವು ಜಾಣತನದಿಂದ ಬಿಟ್ಟಿದ್ದೀರಿ. ಪ್ರಮಾಣ ಹೆಚ್ಚಾದರೆ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳು ಕೋಶದೊಳಗೆ ರಾಶಿ ಬಿದ್ದು ಅದು ಸಾಯುತ್ತದೆ. ಕಡಿಮೆ ಇದ್ದಾಗ ಆತ್ಮಹತ್ಯೆಯ ದಾರಿ ಮುಚ್ಚಿಕೊಳ್ಳುತ್ತದೆ.

ಪದಸಂಚಿ: "ಆತ್ಮಹತ್ಯೆ" ಎಂಬ ಪದ ಎರಡನೆಯ ಸಲ ಬಂದಿದ್ದರಿಂದ ಬಾಯಿ ಹಾಕುತ್ತಿದ್ದೇನೆ. ಕೆರ್, ವೈಲಿ, ಕರಿ ಎಂಬ ಮೂವರು 1972ರಲ್ಲಿ, ಕೋಶ ತಾನಾಗಿ ಸಾಯುವ ಈ ಬಗೆಗೆ ಅಪಾಪ್ಟೋಸಿಸ್ ಎಂಬ ಹೆಸರನ್ನು ಗ್ರೀಕ್ ಭಾಷೆಯಿಂದ ತಂದಾಗ ಅವರ ಕಣ್ಣ ಮುಂದಿದ್ದದ್ದು ಮರದಿಂದ ಎಲೆ, ಹೂವಿನಿಂದ ಎಸಳು ಉದುರುವ ಚಿತ್ರ. ಹಣ್ಣೆಲೆ ಉದುರಿದ್ದನ್ನು ಆತ್ಮಹತ್ಯೆ ಎನ್ನುವ ರೂಢಿ ನಮ್ಮಲ್ಲಿಲ್ಲ.

ಪ್ರಯೋಗಪ್ರಿಯ: "ಉದುರುವ" ಚಿತ್ರವೇ ಇಲ್ಲಿ ಸುಳ್ಳು. ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ವಾರ್ನರ್ ಗ್ರೀನ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಕಾರ, ಲಿಂಫ್ ಅಂಗಾಂಶದಲ್ಲಿ ಸಾಯುವ ಸಿಡಿ4 ಕೋಶಗಳಲ್ಲಿ ಸುಮಾರು 95% ಅಪಾಪ್ಟೋಸಿಸ್‌ನಿಂದ ಸಾಯುವುದೇ ಇಲ್ಲ. ವೈರಾಣು ಒಳಹೊಕ್ಕು ಅರ್ಧದಲ್ಲೇ ನಿಂತ ಆ ಕೋಶಗಳಲ್ಲಿ ಕ್ಯಾಸ್ಪೇಸ್-1 ಎಂಬ ಕಿಣ್ವ ಎಚ್ಚೆತ್ತು, ಕೋಶ ಒಡೆದು, ಒಳಗಿನ ಉರಿಯೂತದ ಸರಕು ಹೊರಚೆಲ್ಲುತ್ತದೆ. ಅದು ಪೈರಾಪ್ಟೋಸಿಸ್. ಎಲೆ ಉದುರಿದ ಸದ್ದಲ್ಲ, ಪಟಾಕಿ ಸಿಡಿದ ಸದ್ದು.

ಪದಸಂಚಿ: "ಸಿಡಿದ" ಎಂಬುದು ಒಳ್ಳೆಯ ಕ್ರಿಯಾಪದ, ಸಿಡಿ4 ಎಂಬ ಹೆಸರಿಗೂ ಹೊಂದುತ್ತದೆ. ಆದರೆ ಎರಡು ಬಗೆಯ ಸಾವಿಗೂ ಒಂದೇ "ಆತ್ಮಹತ್ಯೆ" ಅಂಟಿಸಿದರೆ ಓದುಗರು ಎರಡನ್ನೂ ಒಂದೆಂದೇ ತಿಳಿಯುವುದಿಲ್ಲವೇ? ಮೂಲ ಲೇಖಕರು ಉತ್ತರಿಸಿಲ್ಲ.

ಬೇಲೂರಿನವ: "ಮೂಲ ಲೇಖಕರು" ಔಷಧದ ಬಗ್ಗೆ ಬರೆದರು, ನಿಘಂಟಿನ ಬಗ್ಗೆ ಅಲ್ಲ. ಪ್ರಯೋಗಪ್ರಿಯರ 95% ಬಂದದ್ದು ದೇಹದ ಹೊರಗೆ ಬೆಳೆಸಿದ ಟಾನ್ಸಿಲ್, ಗುಲ್ಮದ ಅಂಗಾಂಶದಿಂದ. ಅದೇ ತಂಡ 2010ರಲ್ಲಿ ಕಂಡದ್ದೇನು? ವೈರಾಣು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವುದನ್ನು ತಡೆಯುವ ಎಫಾವಿರೆನ್ಜ್ ಕೊಟ್ಟರೆ ಆ ಸಾವು ನಿಂತಿತು. ವೈರಾಣುವಿನ ಮುಂದಿನ ಹಂತವನ್ನು ತಡೆಯುವ ರಾಲ್ಟೆಗ್ರವಿರ್ ಕೊಟ್ಟರೆ ನಿಲ್ಲಲಿಲ್ಲ. ಔಷಧ ಯಾವ ಹಂತಕ್ಕೆ ಕೈ ಹಾಕುತ್ತದೆ ಎಂಬುದರ ಮೇಲೆ ಕೋಶದ ಅಳಿವು ಉಳಿವು ನಿಂತಿದೆ.

ಪ್ರಯೋಗಪ್ರಿಯ: "ಎಫಾವಿರೆನ್ಜ್" ಹೆಸರನ್ನು ತಾವೇ ತಂದದ್ದು ಒಳ್ಳೆಯದಾಯಿತು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದಂತೆ ಅದೇ ಎಫಾವಿರೆನ್ಜ್ ಸೋಂಕಿತ ಕೋಶದೊಳಗೆ ವೈರಾಣುವಿನ ಪ್ರೋಟಿಯೇಸ್ ಅನ್ನು ಹೊತ್ತಿಗೆ ಮುಂಚೆ ಎಬ್ಬಿಸುತ್ತದೆ, ಅದು ಕಾರ್ಡ್8 ಎಂಬ ಕಾವಲು ಪ್ರೋಟೀನನ್ನು ಕತ್ತರಿಸುತ್ತದೆ, ಕೋಶ ಸಿಡಿಯುತ್ತದೆ. ಈಗ ಹೇಳಿ, ಇದು ಕಾಯುವ ಔಷಧವೋ ಕೊಲ್ಲುವ ಔಷಧವೋ?

ಬೇಲೂರಿನವ: "ಕೊಲ್ಲುವ" ಎಂದು ಗಾಬರಿಪಡಿಸಬೇಡಿ, ಸತ್ತದ್ದು ಸೋಂಕಿತ ಕೋಶ, ಅದೂ ಹೆಚ್ಚಿನ ಸಾಂದ್ರತೆಯಲ್ಲಿ. ಆ ಪ್ರಯೋಗದಲ್ಲಿ ಪ್ರೋಟಿಯೇಸ್ ಪ್ರತಿಬಂಧಕ ಬೆರೆಸಿದಾಗ ಸಾವು ನಿಂತದ್ದನ್ನೂ ಓದಿದ್ದೀರಿ ತಾನೇ? ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ.

ಪ್ರಯೋಗಪ್ರಿಯ: "ಅದನ್ನೇ" ಅಲ್ಲ! ಅಲ್ಲಿ ಅದು ತಡೆದದ್ದು ವೈರಾಣುವಿನ ಪ್ರೋಟಿಯೇಸ್ ಅನ್ನು. ನೀವು ಹೇಳಿದ್ದು ವೈರಾಣುವಿಲ್ಲದ ಕೋಶದ ಮೈಟೊಕಾಂಡ್ರಿಯದ ಕತೆ. ಗೋಲಿನ ಕಂಬ ಹೊತ್ತುಕೊಂಡು ಓಡುವವರ ಜೊತೆ ಆಟ ಆಡುವುದು ಕಷ್ಟ.

ಆಪ್ತಸಮಾಲೋಚಕಿ: ಮೈಟೊಕಾಂಡ್ರಿಯದ ಹೆಸರು ಬಂದದ್ದರಿಂದ ಹೇಳುತ್ತೇನೆ. 2004ರಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಆರಂಭವಾದ ಮೇಲೆ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರವೊಂದರಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದೆ. ಆಗ ಎಷ್ಟೋ ಜನ ನುಂಗುತ್ತಿದ್ದದ್ದು ಸ್ಟಾವುಡಿನ್. ಅದು ಮೈಟೊಕಾಂಡ್ರಿಯದ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್-ಗಾಮಾ ಕಿಣ್ವಕ್ಕೆ ಅಡ್ಡಿಯಾಗಿ, ಚರ್ಮದಡಿಯ ಕೊಬ್ಬಿನ ಕೋಶಗಳು ಸಾಯುತ್ತಿದ್ದವು. ಸಿಡಿ4 ಎಣಿಕೆ ಏರುತ್ತಿತ್ತು, ಕೆನ್ನೆ ಒಳಸೇರುತ್ತಿತ್ತು, ಕೈಕಾಲಿನ ನರಗಳು ಹಗ್ಗದಂತೆ ಎದ್ದು ಕಾಣುತ್ತಿದ್ದವು. ಒಬ್ಬ ಹುಡುಗ ತಂಗಿಯ ಮದುವೆಯ ಫೋಟೊದಲ್ಲಿ ಎರಡೂ ದವಡೆಗೆ ಹತ್ತಿ ಇಟ್ಟುಕೊಂಡು ನಿಂತಿದ್ದ. ಊಟಕ್ಕೆ ಕೂರುವ ಮುಂಚೆ ಹಿತ್ತಲಿಗೆ ಹೋಗಿ ಅದನ್ನು ತೆಗೆದನಂತೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸ್ಟಾವುಡಿನ್ ಕೈಬಿಡಲು ಹೇಳಿತು. ಬೇರೆ ಮಾತ್ರೆಗೆ ಬದಲಾದ ಮೇಲೂ ಅವನ ಕೆನ್ನೆ ಪೂರ್ತಿ ತುಂಬಲಿಲ್ಲ.

ಪದಸಂಚಿ: "ನರಗಳು" ಅಲ್ಲ, ರಕ್ತನಾಳಗಳು.

ಬೇಲೂರಿನವ: "ಸ್ಟಾವುಡಿನ್" ಪ್ರೋಟಿಯೇಸ್ ಪ್ರತಿಬಂಧಕವೇ ಅಲ್ಲ, ಮೇಡಂ. ನಿಮ್ಮ ಅನುಭವದ ಬಗ್ಗೆ ಗೌರವವಿದೆ, ಆದರೆ ಅದು ನನ್ನ ವಾದಕ್ಕೆ ತಾಗುವುದಿಲ್ಲ.

ಆಪ್ತಸಮಾಲೋಚಕಿ: ಶೀರ್ಷಿಕೆಯಲ್ಲಿ ನೀವು ಬರೆದದ್ದು "ಎಚ್‌ಐವಿ ಮಾತ್ರೆಗಳು" ಎಂದು.